ಹದಿನೈದು ಬೈಟಿನ ಗಡಿ: ಸ್ವಯಂಚಾಲಿತ ಮೆಮೊರಿ ನಿರ್ವಹಣೆಯ ಪದ್ಧತಿಗಳೂ ಕನ್ನಡದ ಊರ ಹೆಸರುಗಳೂ

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿರುವ ಭೀಮನಬೀಡಿನ ಹೆಸರನ್ನು ಯೂನಿಕೋಡಿನಲ್ಲಿ ಬರೆಯಲು 8 ಸಂಕೇತಗಳು ಬೇಕು: ಭ, ಗುಡಿಸಿನ ದೀರ್ಘ, ಮ, ನ, ಬ, ಮತ್ತೆ ಗುಡಿಸಿನ ದೀರ್ಘ, ಡ, ಕೊಂಬು. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುವುದರಿಂದ ಒಟ್ಟು 24 ಬೈಟ್. ಅದೇ ಹೆಸರನ್ನು ರೋಮನ್ ಲಿಪಿಯಲ್ಲಿ ರೂಢಿಯಂತೆ ಬರೆದರೆ 13 ಅಕ್ಷರ, 13 ಬೈಟ್. ಈ 24 ಬೈಟನ್ನು ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳು ಎಲ್ಲಿಡುತ್ತವೆ, ಯಾರ ಲೆಕ್ಕಕ್ಕೆ ಹಾಕುತ್ತವೆ, ಯಾವಾಗ ಬಿಡುತ್ತವೆ ಎಂಬುದನ್ನು ಹೋಲಿಸಿ ನೋಡುವುದು ಈ ಲೇಖನದ ಕೆಲಸ. ಹೋಲಿಕೆ ಸಾಮಾನ್ಯವಾಗಿ ನಡೆಯುವುದು ವೇಗ ಮತ್ತು ತಡೆತದ ಅವಧಿಯ ಮೇಲೆ. ಪಠ್ಯ ಯಾವ ಲಿಪಿಯದು ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ, ಅದೂ ಎಲ್ಲ ಪದ್ಧತಿಗಳಲ್ಲಿ ಒಂದೇ ರೀತಿಯಲ್ಲಿ ಅಲ್ಲ ಎಂಬುದು ನನ್ನ ವಾದ.

ಮೆಮೊರಿಯನ್ನು ತಾನಾಗಿ ಬಿಡಿಸುವ ಮೂಲ ಹಾದಿಗಳೆರಡೂ 1960ರಲ್ಲೇ ಅಚ್ಚಾದವು. ಲಿಸ್ಪ್ ಕುರಿತ ಪ್ರಬಂಧದಲ್ಲಿ ಜಾನ್ ಮೆಕಾರ್ಥಿ ವಿವರಿಸಿದ್ದು ಜಾಡು ಹಿಡಿಯುವ ಕ್ರಮ: ಜಾಗ ಮುಗಿಯುತ್ತಾ ಬಂದಾಗ ಪ್ರೋಗ್ರಾಮಿನ ಕೈಯಲ್ಲಿರುವ ಬೇರುಗಳಿಂದ ಹೊರಟು, ತಲುಪಿದ್ದನ್ನೆಲ್ಲ ಗುರುತು ಮಾಡಿ, ಉಳಿದದ್ದನ್ನು ವಾಪಸು ಪಡೆಯುವುದು. ಅದೇ ವರ್ಷ ಜಾರ್ಜ್ ಕಾಲಿನ್ಸ್ ಸೂಚಿಸಿದ್ದು ಎಣಿಕೆಯ ಕ್ರಮ: ಪ್ರತಿ ವಸ್ತುವಿನ ಮೇಲೂ ಅದನ್ನು ತೋರುವ ಪಾಯಿಂಟರುಗಳ ಸಂಖ್ಯೆ ಬರೆದಿಟ್ಟು, ಸೊನ್ನೆಯಾದ ಗಳಿಗೆಯಲ್ಲೇ ಬಿಟ್ಟುಬಿಡುವುದು. ಇವೆರಡೂ ಒಂದೇ ಲೆಕ್ಕದ ಎರಡು ತುದಿಗಳು, ಒಂದು ಬದುಕಿದ್ದನ್ನು ಹಿಂಬಾಲಿಸಿದರೆ ಇನ್ನೊಂದು ಸತ್ತದ್ದನ್ನು ಹಿಂಬಾಲಿಸುತ್ತದೆ ಎಂದು ಬೇಕನ್, ಚೆಂಗ್ ಮತ್ತು ರಾಜನ್ 2004ರಲ್ಲಿ ತೋರಿಸಿದರು. 2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಮೂರನೆಯ ದಾರಿ ಹಿಡಿಯಿತು: ಒಡೆತನವನ್ನು ಕಂಪೈಲರೇ ಲೆಕ್ಕ ಹಾಕಿ, ಬಿಡುವ ಜಾಗವನ್ನು ಮೊದಲೇ ನಿಗದಿ ಮಾಡುತ್ತದೆ.

ಎಣಿಕೆಯ ಹಳೆಯ ಕುಂದು ಎಲ್ಲರಿಗೂ ಗೊತ್ತಿರುವಂಥದೇ. ಗುಂಡ್ಲುಪೇಟೆ ತಾಲ್ಲೂಕು ಎಂಬ ವಸ್ತು ತನ್ನ ಗ್ರಾಮಗಳ ಪಟ್ಟಿಯಲ್ಲಿ ಭೀಮನಬೀಡನ್ನು ತೋರುತ್ತದೆ, ಭೀಮನಬೀಡು ತನ್ನ ತಾಲ್ಲೂಕು ಯಾವುದೆಂದು ಗುಂಡ್ಲುಪೇಟೆಯನ್ನು ತೋರುತ್ತದೆ. ಹೊರಗಿನವರೆಲ್ಲ ಕೈಬಿಟ್ಟರೂ ಇವೆರಡರ ಎಣಿಕೆ ಒಂದಕ್ಕಿಂತ ಕೆಳಗಿಳಿಯದು. ಪೈಥಾನ್ ಇದಕ್ಕಾಗಿ 2000ದಲ್ಲಿ, 2.0 ಆವೃತ್ತಿಯಿಂದ, ಚಕ್ರಗಳನ್ನು ಹುಡುಕುವ ಪ್ರತ್ಯೇಕ ಕಲೆಕ್ಟರ್ ಇಟ್ಟುಕೊಂಡಿತು. ಸ್ವಿಫ್ಟ್ ಆ ಹೊಣೆಯನ್ನು ಪ್ರೋಗ್ರಾಮರನ ತಲೆಗೇ ಕಟ್ಟಿತು: ಗ್ರಾಮದಿಂದ ತಾಲ್ಲೂಕಿಗೆ ಹೋಗುವ ಕೊಂಡಿಯನ್ನು ದುರ್ಬಲ ಎಂದು ಆತನೇ ಘೋಷಿಸಬೇಕು. ಆದರೆ ಪಠ್ಯವನ್ನಿಡುವ ಸ್ಟ್ರಿಂಗ್ ಇನ್ನೊಂದು ಸ್ಟ್ರಿಂಗನ್ನು ತೋರುವುದಿಲ್ಲ, ಹಾಗಾಗಿ ಚಕ್ರ ಕಟ್ಟುವ ಪ್ರಶ್ನೆಯೇ ಇಲ್ಲ. ಊರ ಹೆಸರಿನ ಮಟ್ಟಿಗೆ ಪರೀಕ್ಷೆ ಬೇರೆ ಕಡೆ ಇದೆ.

ಸ್ವಿಫ್ಟ್ 5ರಲ್ಲಿ (2019) ಸ್ಟ್ರಿಂಗುಗಳು ಯುಟಿಎಫ್-8ರಲ್ಲಿ ಇರುತ್ತವೆ. 64-ಬಿಟ್ ಯಂತ್ರದಲ್ಲಿ 15 ಬೈಟಿನೊಳಗಿನ ಸ್ಟ್ರಿಂಗ್ ಹೀಪಿಗೆ, ಅಂದರೆ ಕೇಳಿದಾಗ ಜಾಗ ಕೊಡುವ ಮೆಮೊರಿಯ ಭಾಗಕ್ಕೆ, ಹೋಗುವುದೇ ಇಲ್ಲ. ಮೌಲ್ಯದ ಒಳಗೇ ಕೂತುಬಿಡುತ್ತದೆ. ಅದಕ್ಕೆ ಎಣಿಕೆ ಇಲ್ಲ, ಬಿಡುಗಡೆಯ ಗೊಡವೆಯೂ ಇಲ್ಲ. ರೋಮನ್ ಭೀಮನಬೀಡು 13, ಗುಂಡ್ಲುಪೇಟೆ 9, ಚಾಮರಾಜನಗರ 14 ಬೈಟ್. ಮೂರೂ ಒಳಗಾದವು. ಕನ್ನಡದಲ್ಲಿ ಅವೇ 24, 33, 27. ಮೂರೂ ಹೀಪಿಗೆ. ಕಡತದಿಂದಲೋ ಕೀಲಿಮಣೆಯಿಂದಲೋ ಓದಿಕೊಂಡ ಹೆಸರು ಒಂದು ಫಂಕ್ಷನ್ನಿನಿಂದ ಇನ್ನೊಂದಕ್ಕೆ ನಕಲಾದಾಗ, ಕಂಪೈಲರ್ ತಪ್ಪಿಸದಿದ್ದರೆ, ಎಣಿಕೆ ಏರಬೇಕು, ಇಳಿಯಬೇಕು. ಆ ಏರಿಳಿತ ಹಲವು ಎಳೆಗಳ (ಥ್ರೆಡ್‌ಗಳ) ನಡುವೆ ಕೆಡದಂತೆ ಅವಿಭಾಜ್ಯ (ಅಟಾಮಿಕ್) ಕ್ರಿಯೆಯಾಗಿ ನಡೆಯಬೇಕು. ಒಂದೇ ಪ್ರೋಗ್ರಾಂ, ಒಂದೇ ಊರು. ಒಂದು ಲಿಪಿಯಲ್ಲಿ ಮೆಮೊರಿ ನಿರ್ವಹಣೆ ಶೂನ್ಯ, ಇನ್ನೊಂದರಲ್ಲಿ ಪೂರ್ತಿ. 15 ಬೈಟ್ ಎಂದರೆ ಕನ್ನಡದ 5 ಸಂಕೇತ. ತಾಲ್ಲೂಕಿನ ಹೋಬಳಿ ಹೆಸರುಗಳಲ್ಲಿ ಹಂಗಳ 12 ಬೈಟಿನಲ್ಲಿ ಹೇಗೋ ನುಸುಳುತ್ತದೆ. ಬೇಗೂರು 18 ಆಗಿ ಒಂದೇ ಸಂಕೇತದಿಂದ ಹೊರಗುಳಿಯುತ್ತದೆ. 27 ಬೈಟಿನ ತೆರಕಣಾಂಬಿ ಹತ್ತಿರವೂ ಸುಳಿಯದು.

ರೂಬಿಯ ಗಡಿ ಇನ್ನೂ ಕುಚೋದ್ಯದ್ದು. ಹಳೆಯ ಆವೃತ್ತಿಗಳಲ್ಲಿ 40 ಬೈಟಿನ ಖಾನೆಯೊಳಗೆ 23 ಬೈಟ್ ಪಠ್ಯ ಹಿಡಿಸುತ್ತಿತ್ತು, ಅದಕ್ಕೆ ಮೀರಿದ್ದಕ್ಕೆ ಹೊರಗೆ ಬೇರೆ ಜಾಗ ಕೇಳಬೇಕಿತ್ತು. ಭೀಮನಬೀಡು 24; ಒಂದು ಬೈಟಿಗೆ ಹೊರಗುಳಿಯಿತು. ಡಿಸೆಂಬರ್ 2022ರ 3.2ರಿಂದ ಖಾನೆಗಳ ಅಳತೆ ಬೇರೆ ಬೇರೆಯಾಗಿ, ಇಂಥ ಹೆಸರುಗಳೂ ಒಳಗೇ ಕೂರುವಂತಾಯಿತು. ಗಡಿ ಎಲ್ಲಿರಬೇಕೆಂಬುದು ವಿನ್ಯಾಸಕರ ಆಯ್ಕೆ, ಅದನ್ನು ಸರಿಸಬಹುದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗೋ ಭಾಷೆಯಲ್ಲೂ 16 ಬೈಟಿಗಿಂತ ಚಿಕ್ಕದಾದ, ಪಾಯಿಂಟರ್ ಇಲ್ಲದ ತುಣುಕುಗಳನ್ನು ಒಂದೇ ಖಾನೆಗೆ ಒಟ್ಟಿಗೆ ತುಂಬುವ ಉಪಾಯವಿದೆ. ಕನ್ನಡದ ಭೀಮನಬೀಡು ಅಲ್ಲೂ ಅನರ್ಹ. ಆದರೆ 13 ಬೈಟಿನ ರೋಮನ್ ಹೆಸರಿನ ಪಕ್ಕ ಉಳಿಯುವುದು ಬರೀ 3 ಬೈಟ್, ಲಾಭ ಹೆಚ್ಚೇನಿಲ್ಲ.

ಜಾವಾದಲ್ಲಿ ಚಿತ್ರ ಬೇರೆ. 2017ರ ಜಾವಾ 9 ಲ್ಯಾಟಿನ್ ಅಕ್ಷರಗಳಷ್ಟೇ ಇರುವ ಸ್ಟ್ರಿಂಗನ್ನು ಅಕ್ಷರಕ್ಕೆ 1 ಬೈಟಿನಂತೆ ಇಡಲು ತೊಡಗಿತು. ಉಳಿದ ಲಿಪಿಗಳಿಗೆ ಮೊದಲಿನಂತೆ 2 ಬೈಟ್. ಇದರಿಂದ ಕನ್ನಡ ಹಿಂದೆ ಬಿದ್ದಿತು ಎಂದು ಯಾರಿಗಾದರೂ ಅನಿಸೀತು. ಲೆಕ್ಕ ಹಾಕಿ ನೋಡೋಣ. ಜಾವಾ ಪ್ರೋಗ್ರಾಮುಗಳನ್ನು ಓಡಿಸುವ 64-ಬಿಟ್ ಹಾಟ್‌ಸ್ಪಾಟಿನಲ್ಲಿ, ಪಾಯಿಂಟರುಗಳನ್ನು ಕುಗ್ಗಿಸಿಡುವ ಮಾಮೂಲಿ ಜೋಡಣೆಯಲ್ಲಿ, ಸ್ಟ್ರಿಂಗ್ ವಸ್ತುವಿಗೆ 24 ಬೈಟ್, ಅದರ ಅರೇಯ ತಲೆಗೆ 16 ಬೈಟ್. ಎಲ್ಲವೂ 8ರ ಗುಣಕಕ್ಕೆ ಏರಬೇಕು. ಕನ್ನಡ ಭೀಮನಬೀಡಿನ ಪಠ್ಯ 16 ಬೈಟ್, ಒಟ್ಟು 56. ರೋಮನ್ನಿನ 13 ಬೈಟ್ 16ಕ್ಕೇರಿ ಒಟ್ಟು ಅದೇ 56. ಗುಣಿತಾಕ್ಷರದಲ್ಲಿ ವ್ಯಂಜನದೊಳಗಿನ ಅಕಾರಕ್ಕೆ ಬೇರೆ ಸಂಕೇತ ಬೇಡವಾದ್ದರಿಂದ ಕನ್ನಡಕ್ಕೆ ಸಂಕೇತಗಳೇ ಕಡಿಮೆ ಸಾಕು. ಜಾವಾ 8ರಲ್ಲಂತೂ ರೋಮನ್ ಹೆಸರು 72 ಬೈಟ್ ತಿನ್ನುತ್ತಿತ್ತು, ಕನ್ನಡದ್ದು 56! ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಈಗ ಕನ್ನಡದಲ್ಲಿ 64, ರೋಮನ್ನಿನಲ್ಲಿ 56.

ಎಂಟು ಬೈಟಿನ ಈ ಹೆಚ್ಚಳ ಶೇಕಡಾ 14ರಷ್ಟು. ಪೀಳಿಗೆಗಳಾಗಿ ವಿಂಗಡಿಸಿ ಜಾಡು ಹಿಡಿಯುವ ಕಲೆಕ್ಟರಿನಲ್ಲಿ ಬೇಗ ಸಾಯುವ ವಸ್ತುವಿಗೆ ಬಿಡುಗಡೆಯ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಅದು ಬದುಕಿದ್ದನ್ನು ಮಾತ್ರ ಮುಟ್ಟುತ್ತದೆ. ಇಂಥ ಹೆಸರುಗಳನ್ನೇ ತುಂಬುತ್ತಾ ಹೋದರೆ ಎಳೆಯ ಪೀಳಿಗೆಯ ಜಾಗ ಸ್ವಲ್ಪ ಬೇಗ ತುಂಬುತ್ತದೆ, ಅಷ್ಟೆ. ಜಾವಾದಂಥ ಜಾಡು ಹಿಡಿಯುವ ಪದ್ಧತಿಯಲ್ಲಿ ಲಿಪಿಯ ಹೊರೆ ಇಳಿಜಾರು. ಕಿರುಸ್ಟ್ರಿಂಗಿನ ರಿಯಾಯಿತಿ ಇರುವ ಎಣಿಕೆಯ ಪದ್ಧತಿಯಲ್ಲಿ ಅದು ಮೆಟ್ಟಿಲು. ರಸ್ಟಿನ ಸ್ಟ್ರಿಂಗಿಗೆ ರಿಯಾಯಿತಿಯೇ ಇಲ್ಲ, ಎಷ್ಟೇ ಚಿಕ್ಕದಾದರೂ ಪಠ್ಯ ಹೀಪಿಗೇ ಹೋಗುತ್ತದೆ. ಹಾಗಾಗಿ ಅಲ್ಲಿ ಲಿಪಿಗಳ ನಡುವೆ ಮೆಟ್ಟಿಲಿಲ್ಲ, ಬೈಟುಗಳ ಅಂತರವಷ್ಟೇ ಉಳಿಯುತ್ತದೆ. ಪೈಥಾನ್ ಎಣಿಸುವ ಭಾಷೆಯಾದರೂ ಅಲ್ಲಿ ಕಿರುಸ್ಟ್ರಿಂಗಿನ ರಿಯಾಯಿತಿ ಇಲ್ಲ, 3.11ರಲ್ಲಿ ಭೀಮನಬೀಡು 90 ಬೈಟ್, ರೋಮನ್ 62. 3.12ರಲ್ಲಿ ಎರಡೂ ಇಳಿದು 74 ಮತ್ತು 54.

ಜಾಡು ಹಿಡಿಯುವುದನ್ನು ಹೊಗಳಿ ಬಿಡುವಂತೆಯೂ ಇಲ್ಲ. ಹರ್ಟ್ಸ್ ಮತ್ತು ಬರ್ಗರ್ 2005ರಲ್ಲಿ ಅಳೆದಂತೆ, ಕೈಯಾರೆ ಬಿಡುವ ಪದ್ಧತಿಗೆ ಅದು ಸಾಟಿಯಾಗಲು ಐದು ಪಟ್ಟು ಮೆಮೊರಿ ಬೇಕಾಯಿತು; ಮೂರು ಪಟ್ಟು ಕೊಟ್ಟರೆ ಸರಾಸರಿ ಶೇಕಡಾ 17, ಎರಡೇ ಪಟ್ಟಾದರೆ ಸುಮಾರು ಶೇಕಡಾ 70 ನಿಧಾನ. ಕಡಿಮೆ ರ್‍ಯಾಮಿನ ಅಗ್ಗದ ಫೋನಿನಲ್ಲಿ ಐದು ಪಟ್ಟು ಎಲ್ಲಿಂದ ತರುವುದು? ಇಳಿಜಾರು ಸೌಮ್ಯವೆನಿಸುವುದು ಜಾಗ ಧಾರಾಳವಾಗಿದ್ದಾಗ.

ಪಹಣಿಯಂಥ ದತ್ತಾಂಶದಲ್ಲಿ ಇನ್ನೊಂದು ಸಂಗತಿ ಇದೆ. ಕರ್ನಾಟಕದ ಭೂಮಿ ಯೋಜನೆ ಕಂಪ್ಯೂಟರಿಗೆ ಏರಿಸಿದ ಪಹಣಿಗಳು ಸುಮಾರು 2 ಕೋಟಿ. ಒಂದು ಗ್ರಾಮದ ಎಲ್ಲ ಪಹಣಿಗಳಲ್ಲೂ ಗ್ರಾಮ, ಹೋಬಳಿ, ತಾಲ್ಲೂಕಿನ ಹೆಸರು ಮರುಕಳಿಸುತ್ತವೆ. ಇಂಥ ದಾಖಲೆಗಳನ್ನು ಜಾವಾದಲ್ಲಿ ಓದಿಸಿದರೆ, ಜಿ1 ಎಂಬ ಅದರ ಕಲೆಕ್ಟರಿಗೆ 2014ರಲ್ಲಿ ಸೇರಿದ ಸೌಲಭ್ಯವೊಂದನ್ನು ಬಳಸಬಹುದು: ಅದನ್ನು ಚಾಲೂ ಮಾಡಿದರೆ ಒಂದೇ ಪಠ್ಯದ ಸ್ಟ್ರಿಂಗುಗಳನ್ನು ಗುರುತಿಸಿ ಅವೆಲ್ಲಕ್ಕೂ ಒಂದೇ ಅರೇ ಹಂಚುತ್ತದೆ. ಎಣಿಕೆಯ ಭಾಷೆಯಲ್ಲಿ ಅದನ್ನು ಪ್ರೋಗ್ರಾಮರೇ ಕೈಯಾರೆ ಮಾಡಬೇಕು. ಮಾಡಿದರೆ ಆ ಒಂದು ಭೀಮನಬೀಡಿನ ಎಣಿಕೆಯ ಮೇಲೆ ಎಲ್ಲ ಎಳೆಗಳೂ ಮುಗಿಬೀಳುತ್ತವೆ.

ಕಲೆಕ್ಟರುಗಳನ್ನು ಅಳೆಯಲು ಸಂಶೋಧಕರು ಬಳಸುವ ಡಕಾಪೊ ಪರೀಕ್ಷಾಗುಚ್ಛದಲ್ಲಿ ಪಠ್ಯ ಸೂಚಿ ಕಟ್ಟುವ ಒಂದು ಪರೀಕ್ಷೆ ಇದೆ. ಅದು ಓದುವುದು ಶೇಕ್ಸ್‌ಪಿಯರನ ಕೃತಿಗಳನ್ನೂ ಇಂಗ್ಲಿಷ್ ಬೈಬಲನ್ನೂ. ಅದರ ಜಾಗದಲ್ಲಿ ಒಂದು ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ಕನ್ನಡದಲ್ಲೂ ರೋಮನ್ನಿನಲ್ಲೂ ಕೊಟ್ಟು, ಹೀಪಿನ ಅಳತೆಯನ್ನು ಎರಡರಿಂದ ಐದು ಪಟ್ಟಿನವರೆಗೆ ಏರಿಸುತ್ತಾ ಎರಡು ಓಟಗಳ ಅಂತರವನ್ನು ದಾಖಲಿಸಿದರೆ, ಇಳಿಜಾರು ಎಲ್ಲಿ ಕಡಿದಾಗುತ್ತದೆ ಎಂಬುದಕ್ಕೆ ಅಂಕಿ ಸಿಗುತ್ತದೆ.