ಪ್ರವಾದಿಯ ನಂತರ: ಸಖೀಫಾದಿಂದ ಕರ್ಬಲಾದವರೆಗೆ

ಕ್ರಿ.ಶ. 632ರ ಜೂನ್ ತಿಂಗಳಿನಲ್ಲಿ ಪ್ರವಾದಿ ಮುಹಮ್ಮದರು ಮದೀನಾ ನಗರದಲ್ಲಿ, ಪತ್ನಿ ಆಯಿಶಾ ಅವರ ಕೋಣೆಯಲ್ಲಿ ಕೊನೆಯುಸಿರೆಳೆದರು. ಅವರ ಗಂಡುಮಕ್ಕಳು ಎಳವೆಯಲ್ಲಿಯೇ ತೀರಿಕೊಂಡಿದ್ದರು. ಬದುಕಿ ಉಳಿದವರು ಒಬ್ಬಳೇ ಮಗಳು ಫಾತಿಮಾ, ಆಕೆಯ ಪತಿಯೂ ಪ್ರವಾದಿಯ ದೊಡ್ಡಪ್ಪ ಅಬೂತಾಲಿಬರ ಮಗನೂ ಆದ ಅಲಿ, ಮತ್ತು ಇನ್ನೂ ಬಾಲಕರಾಗಿದ್ದ ಮೊಮ್ಮಕ್ಕಳು ಹಸನ್ ಹಾಗೂ ಹುಸೈನ್. ಮುಹಮ್ಮದರು ಪ್ರವಾದಿಗಳ ಸಾಲಿನ ಅಂತಿಮ ಮುದ್ರೆ ಎಂದು ಕುರ್‌ಆನ್ ಸಾರಿದ್ದರಿಂದ ಪ್ರವಾದಿತ್ವಕ್ಕೆ ವಾರಸುದಾರರಿರುವ ಪ್ರಶ್ನೆಯೇ ಇರಲಿಲ್ಲ. ಆದರೆ ಸಾಮೂಹಿಕ ಪ್ರಾರ್ಥನೆಯ ನೇತೃತ್ವ, ನ್ಯಾಯದಾನ, ಯುದ್ಧದ ನಿರ್ಧಾರ, ಜಕಾತ್ ಸಂಗ್ರಹ, ಬುಡಕಟ್ಟುಗಳೊಡನೆ ಮಾಡಿಕೊಂಡ ಒಡಂಬಡಿಕೆಗಳ ಪಾಲನೆ ಇವೆಲ್ಲವೂ ಆ ಒಬ್ಬ ವ್ಯಕ್ತಿಯಲ್ಲಿಯೇ ಸೇರಿಕೊಂಡಿದ್ದವು. ಇವುಗಳಲ್ಲಿ ಯಾವುದು ವ್ಯಕ್ತಿಯೊಡನೆ ಮುಗಿಯಿತು, ಯಾವುದು ಮುಂದಿನವರಿಗೆ ಸಂದಿತು ಎಂಬುದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಮುಂದಿನ ಅರ್ಧ ಶತಮಾನದ ಜಗಳವೆಲ್ಲ ಈ ಅಸ್ಪಷ್ಟತೆಯೊಳಗಿನಿಂದಲೇ ಹುಟ್ಟಿತು.

ಜೈನ ಪಟ್ಟಾವಳಿಗಳನ್ನು ಓದಿದವರಿಗೆ ಈ ಬಗೆಯ ತೊಡಕು ಹೊಸದೇನಲ್ಲ. ಮಹಾವೀರರ ನಿರ್ವಾಣದ ನಂತರ ಸುಧರ್ಮ, ಜಂಬೂಸ್ವಾಮಿಗಳವರೆಗೆ ಒಂದಾಗಿ ನಡೆಯುವ ದಿಗಂಬರ, ಶ್ವೇತಾಂಬರ ಗುರುಪರಂಪರೆಗಳು ಅಲ್ಲಿಂದಾಚೆಗೆ ಕವಲೊಡೆದು ಭದ್ರಬಾಹುವಿನ ಹೆಸರಿನಲ್ಲಿ ಮತ್ತೊಮ್ಮೆ ಕೂಡುತ್ತವೆ. ಆದರೆ ಅಲ್ಲಿ ಉತ್ತರಾಧಿಕಾರಿಗೆ ಸಲ್ಲುತ್ತಿದ್ದುದು ಶ್ರುತಜ್ಞಾನ ಮತ್ತು ಸಂಘದ ಶಿಸ್ತು. ಮದೀನಾದಲ್ಲಿ ಅವುಗಳ ಜೊತೆಗೆ ಬೊಕ್ಕಸವೂ ಸೈನ್ಯವೂ ಇದ್ದವು.

ಪ್ರವಾದಿಯ ಪಾರ್ಥಿವ ಶರೀರವನ್ನು ಅಲಿ ಮತ್ತು ಹಾಶಿಂ ಕುಲದವರು ದಫನಕ್ಕೆ ಅಣಿಗೊಳಿಸುತ್ತಿದ್ದಾಗಲೇ, ಮದೀನಾದ ಮೂಲನಿವಾಸಿಗಳಾದ ಅನ್ಸಾರಿಗಳು ಬನೂ ಸಾಇದಾ ಕುಲದವರ ಚಪ್ಪರದಡಿ ಸಭೆ ಸೇರಿದರು. ಅರಬಿಯಲ್ಲಿ ಆ ಚಪ್ಪರಕ್ಕೆ ಸಖೀಫಾ ಎಂದು ಹೆಸರು. ಖಜ್ರಜ್ ಬುಡಕಟ್ಟಿನ ಮುಖಂಡ ಸಅದ್ ಇಬ್ನ್ ಉಬಾದಾ ಅಂದು ಅಸ್ವಸ್ಥನಾಗಿ ಹೊದ್ದು ಮಲಗಿದ್ದರೂ ಅವನನ್ನೇ ನಾಯಕನನ್ನಾಗಿಸುವ ವಿಚಾರ ಅಲ್ಲಿ ನಡೆದಿತ್ತು. ಸುದ್ದಿ ತಿಳಿದು ಅಬೂಬಕರ್, ಉಮರ್ ಮತ್ತು ಅಬೂ ಉಬೈದಾ ಅಲ್ಲಿಗೆ ಧಾವಿಸಿದರು. ಮಕ್ಕಾದಿಂದ ವಲಸೆ ಬಂದವರ ಪಕ್ಷದಲ್ಲಿ ಆ ಸಭೆಯಲ್ಲಿ ಮುಖ್ಯವಾಗಿ ಮಾತನಾಡಿದವರು ಈ ಮೂವರೇ.

ಸಭೆಯಲ್ಲಿ ನಡೆದ ವಾದದ ಸ್ವರೂಪ ಗಮನಾರ್ಹವಾದುದು. ಅನ್ಸಾರಿಗಳು ತಮ್ಮ ಸೇವೆಯನ್ನು ಮುಂದಿಟ್ಟರು: ಸ್ವಂತ ಕುಲದವರೇ ಪ್ರವಾದಿಯನ್ನು ಹೊರಗಟ್ಟಿದಾಗ ಆಶ್ರಯ ಕೊಟ್ಟವರು ತಾವು, ಅವರಿಗಾಗಿ ಕತ್ತಿ ಹಿರಿದವರು ತಾವು. ಅಬೂಬಕರ್ ಇದನ್ನು ನಿರಾಕರಿಸಲಿಲ್ಲ. ಅರಬ್ ಬುಡಕಟ್ಟುಗಳು ಪ್ರವಾದಿಯ ಕುಲವಾದ ಕುರೈಶರ ಹೊರತು ಬೇರೆಯವರ ನಾಯಕತ್ವಕ್ಕೆ ತಲೆಬಾಗಲಾರವು ಎಂಬುದಷ್ಟೇ ಅವರ ವಾದವಾಗಿತ್ತು. ನಿಮ್ಮಲ್ಲೊಬ್ಬ, ನಮ್ಮಲ್ಲೊಬ್ಬ ಎಂದು ಇಬ್ಬರು ಅಮೀರರಿರಲಿ ಎಂಬ ಸಲಹೆ ಬಂದಿತು, ಬಿದ್ದುಹೋಯಿತು. ಮದೀನಾದ ಇನ್ನೊಂದು ಬುಡಕಟ್ಟಾದ ಔಸ್, ಹಳೆಯ ವೈರಿಗಳಾದ ಖಜ್ರಜರ ಕೈಗೆ ಅಧಿಕಾರ ಹೋಗುವುದನ್ನು ಒಪ್ಪಲು ಸಿದ್ಧವಿರಲಿಲ್ಲ. ಹದಿನೈದು ವರ್ಷಗಳ ಹಿಂದಷ್ಟೇ ಬುಆಸ್ ಎಂಬಲ್ಲಿ ಈ ಎರಡು ಬುಡಕಟ್ಟುಗಳು ರಕ್ತ ಹರಿಸಿಕೊಂಡಿದ್ದವು. ಗದ್ದಲ ಏರುತ್ತಿದ್ದಾಗ ಉಮರ್ ಅಬೂಬಕರರ ಕೈಹಿಡಿದು ನಿಷ್ಠೆಯ ಪ್ರಮಾಣ ಮಾಡಿದರು, ಉಳಿದವರು ಹಿಂಬಾಲಿಸಿದರು. ಸಅದ್ ಮಾತ್ರ ಕೊನೆಯವರೆಗೂ ಪ್ರಮಾಣ ಮಾಡಲಿಲ್ಲವೆಂದು ಪರಂಪರೆ ಹೇಳುತ್ತದೆ.

ಆ ಆಯ್ಕೆ ಆತುರದ್ದಾಗಿತ್ತು ಎಂದು ಉಮರರೇ ತಮ್ಮ ಆಳ್ವಿಕೆಯ ಕಾಲದಲ್ಲಿ ಒಪ್ಪಿಕೊಂಡು, ದೇವರು ಅದರ ಕೇಡನ್ನು ತಪ್ಪಿಸಿದನೆಂದೂ ಇನ್ನಾರೂ ಅದನ್ನು ಮೇಲ್ಪಂಕ್ತಿಯಾಗಿ ಹಿಡಿಯಬಾರದೆಂದೂ ಎಚ್ಚರಿಸಿದರೆಂಬ ವರದಿ ಸುನ್ನಿ ಪರಂಪರೆಯ ಪ್ರಮುಖ ಗ್ರಂಥಗಳಲ್ಲಿಯೇ ಉಳಿದುಬಂದಿದೆ. ಗೆದ್ದ ಪಕ್ಷಕ್ಕೆ ಮುಜುಗರವಾಗುವಂತಹ ಮಾತನ್ನು ಆ ಪಕ್ಷದ ವಾರಸುದಾರರೇ ಕಾಪಾಡಿಕೊಂಡು ಬಂದಿದ್ದಾರೆಂದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಅಲಿಯ ಹಕ್ಕನ್ನು ಪ್ರತಿಪಾದಿಸುವವರ ಮುಖ್ಯ ಆಧಾರ ಕೆಲವೇ ತಿಂಗಳುಗಳ ಹಿಂದಿನ ಇನ್ನೊಂದು ಘಟನೆ. ಕೊನೆಯ ಹಜ್ ಯಾತ್ರೆಯಿಂದ ಮರಳುವಾಗ, 632ರ ಮಾರ್ಚ್ ತಿಂಗಳಿನಲ್ಲಿ, ಗದೀರ್ ಖುಮ್ ಎಂಬ ಕೊಳದ ಬಳಿ ಪ್ರವಾದಿಯವರು ಜನರನ್ನು ನಿಲ್ಲಿಸಿ, ತಾವು ಯಾರಿಗೆ 'ಮೌಲಾ' ಆಗಿರುವೆವೋ ಅವರಿಗೆ ಅಲಿಯೂ ಮೌಲಾ ಎಂದು ಘೋಷಿಸಿದರು. ಘಟನೆ ನಡೆದುದನ್ನು ಸುನ್ನಿ ಹದೀಸ್ ಸಂಗ್ರಹಗಳೂ ಒಪ್ಪುತ್ತವೆ. ಭಿನ್ನಾಭಿಪ್ರಾಯವಿರುವುದು ಆ ಒಂದು ಪದದ ಅರ್ಥದಲ್ಲಿ. ಅರಬಿಯಲ್ಲಿ ಮೌಲಾ ಎಂದರೆ ಒಡೆಯ, ರಕ್ಷಕ, ಮಿತ್ರ, ಆಶ್ರಿತ, ಬಿಡುಗಡೆಗೊಂಡ ಗುಲಾಮ ಎಂಬ ಅರ್ಥಗಳೆಲ್ಲವೂ ಉಂಟು; ಒಡೆಯನೂ ಆಳೂ ಒಂದೇ ಪದದಲ್ಲಿ ಅಡಗಿರುವ ವಿಚಿತ್ರವಿದು. ಶಿಯಾ ವ್ಯಾಖ್ಯಾನಕಾರರು ಇಲ್ಲಿ ಅಧಿಪತಿಯೆಂಬ ಅರ್ಥವನ್ನು ಹಿಡಿದರೆ, ಸುನ್ನಿ ವ್ಯಾಖ್ಯಾನಕಾರರು ಆಪ್ತಮಿತ್ರನೆಂಬ ಅರ್ಥವನ್ನು ಹಿಡಿದರು. ಒಂದು ಶಬ್ದದ ನಾನಾರ್ಥದ ಮೇಲೆ ಇಷ್ಟು ದೊಡ್ಡ ಇತಿಹಾಸ ನಿಂತ ಉದಾಹರಣೆಗಳು ವಿರಳ.

ಅದೇ ದಿನಗಳಲ್ಲಿ ಫದಕ್ ಎಂಬ ಖರ್ಜೂರದ ತೋಟಗಳ ವಿವಾದವೂ ಎದ್ದಿತು. ಖೈಬರಿನ ಸಮೀಪದ ಆ ಜಮೀನು ತಂದೆಯಿಂದ ತನಗೆ ಬರಬೇಕಾದುದೆಂದು ಫಾತಿಮಾ ಕೇಳಿದರು. ಪ್ರವಾದಿಗಳು ಉತ್ತರಾಧಿಕಾರಕ್ಕೆಂದು ಆಸ್ತಿಯನ್ನು ಬಿಟ್ಟುಹೋಗುವುದಿಲ್ಲ, ಅವರು ಬಿಟ್ಟುದು ದಾನಧರ್ಮಕ್ಕೆ ಸಲ್ಲುತ್ತದೆ ಎಂಬ ಪ್ರವಾದಿವಚನವನ್ನು ಉದ್ಧರಿಸಿ ಅಬೂಬಕರ್ ಅದನ್ನು ನಿರಾಕರಿಸಿದರು. ಮೇಲ್ನೋಟಕ್ಕೆ ಇದು ಜಮೀನಿನ ವ್ಯಾಜ್ಯ. ಆದರೆ ಮಗಳಿಗೆ ತೋಟವೇ ಪಿತ್ರಾರ್ಜಿತವಾಗಿ ಬಾರದೆಂದ ಮೇಲೆ ಅಳಿಯನಿಗೆ ನಾಯಕತ್ವ ಬರುವುದೆಂತು ಎಂಬ ಪ್ರಶ್ನೆ ಆ ಉತ್ತರದೊಳಗೆ ಹುದುಗಿತ್ತು. ಫಾತಿಮಾ ಕೆಲವೇ ತಿಂಗಳುಗಳಲ್ಲಿ, ಅಬೂಬಕರರ ಮೇಲಿನ ಮುನಿಸಿನಲ್ಲಿಯೇ ತೀರಿಕೊಂಡರು. ಅಲಿ ನಿಷ್ಠೆಯ ಪ್ರಮಾಣ ಮಾಡಿದ್ದು ಆನಂತರವೇ ಎಂಬ ವರದಿಯೂ ಇದೆ.

ಇಷ್ಟರಿಂದ 632ರಲ್ಲಿಯೇ ಸುನ್ನಿ, ಶಿಯಾ ಎಂಬ ಎರಡು ಪಂಥಗಳು ಹುಟ್ಟಿದವೆಂದು ಬರೆಯುವುದು ವಾಡಿಕೆಯಾಗಿದೆ. ಅದು ಕಾಲವಿಪರ್ಯಾಸ. ಶಿಯಾ ಎಂದರೆ ಪಕ್ಷ. ಮುಂದೆ 'ಅಲಿಯ ಶಿಯಾ' ಇದ್ದಂತೆಯೇ 'ಉಸ್ಮಾನರ ಶಿಯಾ' ಎಂಬ ಗುಂಪೂ ಇತ್ತು. ಅಲಿ ಇಪ್ಪತ್ತನಾಲ್ಕು ವರ್ಷ ಮದೀನಾದಲ್ಲಿಯೇ ಇದ್ದು, ಮೊದಲ ಮೂವರು ಖಲೀಫರಿಗೆ ಸಲಹೆ ನೀಡುತ್ತ, ಅವರ ಹಿಂದೆ ನಿಂತು ನಮಾಜು ಮಾಡುತ್ತ ಕಳೆದರು. ಅಸಮಾಧಾನವಿತ್ತು, ಪಂಥವಿರಲಿಲ್ಲ. ಮತ್ತೊಂದೆಡೆ, ಪ್ರವಾದಿಯ ಕುಟುಂಬಕ್ಕೆ ಹಕ್ಕಿದೆಯೆಂಬುದು ಪರ್ಷಿಯನ್ನರು ಆಮೇಲೆ ಸೇರಿಸಿದ ರಾಜವಂಶದ ಕಲ್ಪನೆಯೆಂಬ ಹಳೆಯ ಮಾತೂ ಈಗ ನಿಲ್ಲುವುದಿಲ್ಲ. ವಿಲ್ಫರ್ಡ್ ಮಾಡೆಲುಂಗ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುರ್‌ಆನಿನ ಪ್ರವಾದಿ ಕಥನಗಳಲ್ಲಿ ಉತ್ತರಾಧಿಕಾರವು ಮಕ್ಕಳಿಗೂ ಬಂಧುಗಳಿಗೂ ಸಲ್ಲುವುದನ್ನು ತೋರಿಸಿ, ಬಂಧುತ್ವದ ಹಕ್ಕು ಆ ಸಮಾಜಕ್ಕೆ ಅಪರಿಚಿತವಾಗಿರಲಿಲ್ಲವೆಂದು ವಾದಿಸಿದರು.

ಅಬೂಬಕರ್ ಆಳಿದ್ದು ಎರಡೇ ವರ್ಷ. ಒಡಂಬಡಿಕೆ ಪ್ರವಾದಿಯೊಡನೆಯೇ ಮುಗಿಯಿತೆಂದು ಜಕಾತ್ ನಿಲ್ಲಿಸಿದ ಬುಡಕಟ್ಟುಗಳನ್ನು ಅವರು ಯುದ್ಧದಿಂದ ಮಣಿಸಿದರು. 634ರಲ್ಲಿ ಸಾಯುವ ಮುನ್ನ ಉಮರರನ್ನು ತಾವೇ ನೇಮಿಸಿದರು. ಉಮರರ ಹತ್ತು ವರ್ಷಗಳಲ್ಲಿ ಸಿರಿಯಾ, ಇರಾಕ್, ಈಜಿಪ್ಟ್ ಮದೀನಾದ ಕೈಸೇರಿದವು. 644ರಲ್ಲಿ ಒಬ್ಬ ಪರ್ಷಿಯನ್ ಗುಲಾಮನ ಇರಿತಕ್ಕೆ ಸಿಕ್ಕ ಅವರು ಮರಣಶಯ್ಯೆಯಲ್ಲಿ ಮೂರನೆಯದೊಂದು ಮಾರ್ಗವನ್ನು ಹಿಡಿದರು: ಆರು ಮಂದಿಯ ಸಮಾಲೋಚನಾ ಮಂಡಲಿ, ಅಂದರೆ ಶೂರಾ. ಅಲಿ, ಉಸ್ಮಾನ್, ತಲ್ಹಾ, ಜುಬೈರ್, ಸಅದ್ ಇಬ್ನ್ ಅಬೀ ವಕ್ಕಾಸ್, ಅಬ್ದುರ್ರಹ್ಮಾನ್ ಇಬ್ನ್ ಔಫ್ ಅದರ ಸದಸ್ಯರು. ಆರಿಸುವವರೂ ಅವರೇ, ಅಭ್ಯರ್ಥಿಗಳೂ ಅವರೇ. ಅನ್ಸಾರಿಗಳಲ್ಲಿ ಒಬ್ಬನೂ ಇರಲಿಲ್ಲ. ಸಖೀಫಾದ ವಾದ ಹನ್ನೆರಡು ವರ್ಷಗಳಲ್ಲಿ ನಿಯಮವಾಗಿ ಗಟ್ಟಿಗೊಂಡಿತ್ತು.

ಅಬ್ದುರ್ರಹ್ಮಾನ್ ತನ್ನ ಉಮೇದುವಾರಿಕೆಯನ್ನು ಬಿಟ್ಟುಕೊಟ್ಟು ನಿರ್ಣಾಯಕನಾದ. ಅಂತಿಮವಾಗಿ ಉಳಿದ ಇಬ್ಬರಿಗೂ ಅವನು ಮಸೀದಿಯಲ್ಲಿ ಒಂದೇ ಪ್ರಶ್ನೆ ಕೇಳಿದ: ದೇವರ ಗ್ರಂಥ, ಪ್ರವಾದಿಯ ಮಾರ್ಗ ಮತ್ತು ಹಿಂದಿನ ಇಬ್ಬರು ಖಲೀಫರ ನಡೆ, ಈ ಮೂರನ್ನೂ ಅನುಸರಿಸುವಿರಾ? ಅಲಿ ತನ್ನ ಅರಿವಿಗೂ ಶಕ್ತಿಗೂ ಎಟುಕುವಷ್ಟು ನಡೆಯುವೆನೆಂದರು. ಉಸ್ಮಾನ್ ಶರತ್ತಿಲ್ಲದೆ ಒಪ್ಪಿ ಖಲೀಫರಾದರು. ಅಬ್ದುರ್ರಹ್ಮಾನನ ಪತ್ನಿ ಉಸ್ಮಾನರ ಸಹೋದರಿಯಾದ್ದರಿಂದ ಪಕ್ಷಪಾತದ ಸಂದೇಹ ಆಗಲೇ ಹುಟ್ಟಿಕೊಂಡಿತು. ಅದನ್ನು ಬದಿಗಿಟ್ಟು ನೋಡಿದರೂ, ಆ ಪ್ರಶ್ನೆಯ ಮೂರನೆಯ ಅಂಶ ಸಣ್ಣದಲ್ಲ. ಗ್ರಂಥ ಮತ್ತು ಪ್ರವಾದಿಯ ಸಾಲಿನಲ್ಲಿ ಇಬ್ಬರು ಮನುಷ್ಯರ ಆಡಳಿತದ ರೂಢಿಯನ್ನೂ ಇರಿಸಬೇಕೆ ಎಂಬುದೇ ಅಲ್ಲಿನ ಸಂಗತಿ. ಅಲಿಯ ತಡವರಿಕೆಯನ್ನು ಕೆಲವರು ರಾಜಕೀಯ ಅಕುಶಲತೆಯೆಂದು ಬಗೆದಿದ್ದಾರೆ. ಈ ಇಡೀ ಕಾಲಘಟ್ಟದಲ್ಲಿ ತತ್ತ್ವದ ಪ್ರಶ್ನೆ ಅಧಿಕಾರದ ಪ್ರಶ್ನೆಯಿಂದ ಬಿಡಿಯಾಗಿ ಕಾಣುವ ಅಪರೂಪದ ಗಳಿಗೆ ಅದು. ಹೀಗೆ ಮೂವರು ಖಲೀಫರು ಮೂರು ವಿಧಾನಗಳಿಂದ ಬಂದರು. ಹನ್ನೊಂದನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಮಾವರ್ದಿ, ಖಲೀಫನಾಗುವ ಕ್ರಮವನ್ನು ಶಾಸ್ತ್ರವಾಗಿ ಬರೆಯುವಾಗ ಈ ಘಟನೆಗಳನ್ನೇ ಮೇಲ್ಪಂಕ್ತಿಗಳಾಗಿ ಬಳಸಿದ. ಅನಿವಾರ್ಯತೆಯಿಂದ ನಡೆದುದು ವಿಧಿಯಾಯಿತು.

ಉಸ್ಮಾನರು ತಮ್ಮ ಉಮಯ್ಯಾ ಕುಲದವರನ್ನು ಪ್ರಾಂತಗಳ ಅಧಿಕಾರದಲ್ಲಿರಿಸಿದುದು ಅಸಮಾಧಾನಕ್ಕೆ ಕಾರಣವಾಯಿತು. 656ರಲ್ಲಿ ಈಜಿಪ್ಟ್ ಮತ್ತು ಇರಾಕಿನಿಂದ ಬಂದ ಬಂಡುಕೋರರು ಅವರ ಮನೆಯನ್ನು ಮುತ್ತಿದರು. ವೃದ್ಧ ಖಲೀಫರು ಅಲ್ಲಿಯೇ ಹತರಾದರು. ತಡೆಯಲು ಹೋದ ಪತ್ನಿ ನಾಇಲಾಳ ಬೆರಳುಗಳು ಕತ್ತರಿಸಿಹೋದವು. ರಕ್ತಸಿಕ್ತ ಅಂಗಿ ಡಮಾಸ್ಕಸ್ಸಿಗೆ ಹೋಗಿ, ಅಲ್ಲಿನ ಅಧಿಪತಿ ಮುಆವಿಯಾನ ಕೈಯಲ್ಲಿ ಪ್ರತೀಕಾರದ ಧ್ವಜವಾಯಿತು. ಅಲಿ ಖಲೀಫರಾದದ್ದು ಇಂಥ ಗಳಿಗೆಯಲ್ಲಿ. ಹಿಂದಿನ ಖಲೀಫನ ಕೊಲೆಗಡುಕರು ತಮ್ಮದೇ ಪಾಳೆಯದಲ್ಲಿರುವಾಗ ಅವರನ್ನು ಶಿಕ್ಷಿಸುವುದೂ ಬಿಡುವುದೂ ಎರಡೂ ಅಪಾಯಕರವಾಗಿತ್ತು. ಅದೇ ವರ್ಷ ಬಸ್ರಾ ಬಳಿಯ ಒಂಟೆಯ ಕದನದಲ್ಲಿ ಆಯಿಶಾ, ತಲ್ಹಾ, ಜುಬೈರ್ ಅವರ ವಿರುದ್ಧ ನಿಂತರು. ಶೂರಾ ಮಂಡಲಿಯ ಇಬ್ಬರು ಸದಸ್ಯರು ಮೂರನೆಯವನೆದುರು ಹೋರಾಡಿ ಜೀವ ಕಳೆದುಕೊಂಡರು.

657ರಲ್ಲಿ ಯೂಫ್ರೆಟಿಸ್ ದಡದ ಸಿಫ್ಫೀನಿನಲ್ಲಿ ಮುಆವಿಯಾನೊಡನೆ ಯುದ್ಧವಾಯಿತು. ಸಿರಿಯಾದ ಸೈನಿಕರು ಈಟಿಗಳ ತುದಿಗೆ ಕುರ್‌ಆನಿನ ಪ್ರತಿಗಳನ್ನು ಕಟ್ಟಿ ಎತ್ತಿದರು. ಅಲಿ ಮಧ್ಯಸ್ಥಿಕೆಗೆ ಒಪ್ಪಬೇಕಾಯಿತು. ತೀರ್ಪು ದೇವರದೇ ಹೊರತು ಮನುಷ್ಯರದಲ್ಲ ಎಂದು ಅವರ ಪಾಳೆಯದ ಒಂದು ಗುಂಪು ಸಿಡಿದು ಹೊರನಡೆಯಿತು. ಅವರೇ ಖಾರಿಜಿಗಳು. ಉತ್ತರಾಧಿಕಾರದ ಪ್ರಶ್ನೆಗೆ ಅವರದು ಅತ್ಯಂತ ಸರಳವಾದ ಉತ್ತರ: ಧರ್ಮನಿಷ್ಠನಾದ ಯಾವನೇ ಮುಸ್ಲಿಮನೂ, ಕುರೈಶನಲ್ಲದಿದ್ದರೂ, ನಾಯಕನಾಗಬಹುದು, ಪಾಪಮಾಡಿದರೆ ಅವನನ್ನು ಕೆಳಗಿಳಿಸಬೇಕು. ಕುಲವನ್ನೇ ಕಿತ್ತೊಗೆದ ಈ ಸಮಾನತೆಯ ವಾದ ಒಪ್ಪದವರ ಮೇಲೆ ಕತ್ತಿಯೆತ್ತುವ ಕ್ರೌರ್ಯದೊಡನೆ ಬೆಳೆಯಿತು. 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯನ್ನು ಇರಿದವನು ಒಬ್ಬ ಖಾರಿಜಿ.

ಹಿರಿಯ ಮಗ ಹಸನ್ ಕೆಲವೇ ತಿಂಗಳಲ್ಲಿ ಮುಆವಿಯಾನೊಡನೆ ಒಪ್ಪಂದ ಮಾಡಿಕೊಂಡು ಪದವಿಯನ್ನು ಬಿಟ್ಟುಕೊಟ್ಟರು. ಮುಆವಿಯಾ ತನ್ನ ಜೀವಿತಕಾಲದಲ್ಲಿಯೇ ಮಗ ಯಜೀದನಿಗೆ ಪ್ರಮಾಣ ಪಡೆಯತೊಡಗಿದಾಗ, ಇದು ಕೈಸರರ ಪದ್ಧತಿಯೆಂದು ಅಬೂಬಕರರ ಮಗನೊಬ್ಬ ಆಕ್ಷೇಪಿಸಿದನೆಂಬ ವರದಿಯಿದೆ. ರಕ್ತಸಂಬಂಧದಿಂದ ಅಧಿಕಾರ ಬಾರದೆಂದು ಪ್ರವಾದಿಯ ಮನೆತನಕ್ಕೆ ಹೇಳಿದ ಸಮಾಜ, ಅರ್ಧ ಶತಮಾನದೊಳಗೆ ಉಮಯ್ಯಾ ಮನೆತನದ ವಂಶಪಾರಂಪರ್ಯವನ್ನು ಕಂಡಿತು.

680ರಲ್ಲಿ ಕೂಫಾದವರ ಕರೆಯನ್ನು ನಂಬಿ ಹೊರಟ ಹುಸೈನರನ್ನು ಕರ್ಬಲಾದ ಬಯಲಿನಲ್ಲಿ ಸೈನ್ಯ ತಡೆಯಿತು. ಕರೆದವರು ಬರಲಿಲ್ಲ. ನದಿಯ ನೀರನ್ನು ಕಡಿದುಹಾಕಲಾಯಿತು. ಅಕ್ಟೋಬರ್ 10ರಂದು, ಮೊಹರಂ ಮಾಸದ ಹತ್ತನೆಯ ದಿನ, ಹುಸೈನರೂ ಪರಂಪರೆ ಎಪ್ಪತ್ತೆರಡು ಎಂದು ಎಣಿಸುವ ಅವರ ಸಂಗಡಿಗರೂ ಹತರಾದರು. ಎದುರು ಸೈನ್ಯದ ದಂಡನಾಯಕ ಉಮರ್ ಇಬ್ನ್ ಸಅದ್, ಅಂದಿನ ಶೂರಾದಲ್ಲಿ ಅಲಿಯೊಡನೆ ಕುಳಿತಿದ್ದ ಸಅದ್ ಇಬ್ನ್ ಅಬೀ ವಕ್ಕಾಸನ ಮಗ. ರಯ್ ಪ್ರಾಂತದ ಅಧಿಕಾರ ಸಿಗುವ ಆಸೆಗೆ ಅವನು ಈ ಕೆಲಸಕ್ಕೆ ಒಪ್ಪಿದನೆನ್ನುತ್ತಾರೆ. ಈ ದಿನದ ವಿವರಗಳು ನಮಗೆ ಬಹುಮಟ್ಟಿಗೆ ದಕ್ಕಿರುವುದು ಎಂಟನೆಯ ಶತಮಾನದ ಕೂಫಾದ ಅಬೂ ಮಿಖ್ನಫನ ಸಂಗ್ರಹದಿಂದ, ಅದೂ 923ರಲ್ಲಿ ತೀರಿಕೊಂಡ ತಬರಿಯ ಇತಿಹಾಸದ ಮೂಲಕ. ಕರೆದು ಕೈಬಿಟ್ಟ ಊರೇ ಆ ಕಥೆಯನ್ನು ಕಾಪಾಡಿತು. ಆ ನಿರೂಪಣೆಗಳಲ್ಲಿರುವ ಪಶ್ಚಾತ್ತಾಪದ ಧ್ವನಿಯನ್ನು ಸಂಶೋಧಕರು ಮರೆಯುವಂತಿಲ್ಲ. 'ಅಲಿಯ ಪಕ್ಷ' ರಾಜಕೀಯ ಗುಂಪಿನಿಂದ ಶ್ರದ್ಧೆಯ ಸಮುದಾಯವಾಗಿ ಮಾರ್ಪಟ್ಟದ್ದು ಸಖೀಫಾದ ಚಪ್ಪರದಡಿಯಲ್ಲಲ್ಲ, ಈ ಶೋಕದಲ್ಲಿ.

ಆ ಶೋಕ ಕನ್ನಡ ನಾಡಿಗೂ ಬಂದಿತು. ಬಿಜಾಪುರದ ಆದಿಲ್‌ಶಾಹಿಗಳಲ್ಲಿ ಮೊದಲಿಗನಾದ ಯೂಸುಫ್ ಶಿಯಾ ಮತವನ್ನು ರಾಜಮತವಾಗಿಸಿದನು; ಅವನ ಮೊಮ್ಮಗ ಮೊದಲನೆಯ ಇಬ್ರಾಹೀಮ್ ಸುನ್ನಿ ಮತಕ್ಕೆ ತಿರುಗಿದನು; ಅವನ ಮಗ ಮೊದಲನೆಯ ಅಲಿ ಮತ್ತೆ ಶಿಯಾ ಮತಕ್ಕೆ ಮರಳಿದನು. ಅರಮನೆಯ ಮತ ಹೀಗೆ ಹೊರಳುತ್ತಿದ್ದರೂ ಹಳ್ಳಿಗಳಲ್ಲಿ ನೆಲೆನಿಂತದ್ದು ಮೊಹರಂ. ಉತ್ತರ ಕರ್ನಾಟಕದಲ್ಲಿ ಅದು ಅಲಾಯಿ ಹಬ್ಬ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇದ್ದಾರೆ. ಕರ್ಬಲಾದ ಕಥೆ ರಿವಾಯತ್ ಪದಗಳಾಗಿ ಕನ್ನಡದಲ್ಲಿಯೇ ಹಾಡಲ್ಪಡುತ್ತದೆ. ಶಿಶುನಾಳ ಶರೀಫರೂ ಅಲಾವಿ ಪದಗಳನ್ನು ಕಟ್ಟಿದರು. ಹಸನ್ ತೀರಿಕೊಂಡದ್ದು ಕರ್ಬಲಾಕ್ಕೆ ಸುಮಾರು ಹತ್ತು ವರ್ಷಗಳ ಮೊದಲು, ದೂರದ ಮದೀನಾದಲ್ಲಿ. ಊರಿನ ಮಸೂತಿಗಳಲ್ಲಿ ಮಾತ್ರ ಅಣ್ಣ ತಮ್ಮಂದಿರ ಹೆಸರಿನ ಪಂಜಾಗಳನ್ನು ಜೊತೆಯಾಗಿ ಕೂರಿಸುತ್ತಾರೆ, ಹತ್ತನೆಯ ದಿನ ಜೊತೆಯಾಗಿಯೇ ಹೊಳೆಗೆ ಕಳುಹಿಸುತ್ತಾರೆ.