ಮೇಷ್ಟ್ರು ತಮ್ಮ ಪಾಠವನ್ನೇ ಪರೀಕ್ಷಿಸಿದಾಗ

ಬಿ.ಎಡ್. ಮುಗಿಸಿದವರಿಗೆ ಕ್ರಿಯಾ ಸಂಶೋಧನೆ ಎಂದೊಡನೆ ನೆನಪಾಗುವುದು ಒಂದು ರೆಕಾರ್ಡ್ ಪುಸ್ತಕ: ಸಮಸ್ಯೆ, ಸಂಭವನೀಯ ಕಾರಣ, ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ, ಅಂಕಗಳ ಕೋಷ್ಟಕ. ಸಮಸ್ಯೆ ಯಾವಾಗಲೂ ಮಕ್ಕಳದ್ದೇ. ಒತ್ತಕ್ಷರ ತಪ್ಪುತ್ತಾರೆ, ಭಾಗಾಕಾರ ಬರುವುದಿಲ್ಲ. ಪಾಠ ಮಾಡಿದವರು ಆ ಪುಟಗಳಲ್ಲಿ ಎಲ್ಲೂ ಸಿಕ್ಕಿಬೀಳುವುದಿಲ್ಲ. ಕೆಲಸ ಮಾಡುವವರೇ ತಮ್ಮ ಕೆಲಸವನ್ನು ಪರೀಕ್ಷಿಸಿಕೊಳ್ಳುವ ಈ ಪದ್ಧತಿ ಬೆಳೆದು ಬಂದ ದಾರಿ ನೋಡಿದರೆ ಇದು ವಿಚಿತ್ರವೆನಿಸುತ್ತದೆ.

ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಕ್ರಿಯಾ ಸಂಶೋಧನೆಯ ಕುರಿತು ಬರೆದಾಗ ಅವರ ಕಣ್ಣಮುಂದೆ ಇದ್ದದ್ದು ಶಾಲೆಯಲ್ಲ, ಜನಾಂಗೀಯ ತಾರತಮ್ಯ. ಅದನ್ನು ಶಾಲೆಯೊಳಗೆ ತಂದವರಲ್ಲಿ ಪ್ರಮುಖರು ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ. ಅವರ ಪುಸ್ತಕ ಬಂದದ್ದು 1953ರಲ್ಲಿ. ಇದರಲ್ಲಿ ಶಾಸ್ತ್ರೀಯತೆ ಸಾಲದು ಎಂದು ಪಂಡಿತರು ಮೂಗು ಮುರಿದರು. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲಂತೂ ಅಮೆರಿಕದ ಹಣವೆಲ್ಲ ತಜ್ಞರು ರೂಪಿಸುವ ಪಠ್ಯಕ್ರಮಗಳತ್ತ ಹರಿಯಿತು. ಶಿಕ್ಷಕರ ಪಾಲಿಗೆ ಉಳಿದದ್ದು ಅವನ್ನು ಬಡಿಸುವ ಕೆಲಸ.

ಮರುಜೀವ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. 1967ರಲ್ಲಿ ಶುರುವಾದ ಮಾನವಿಕ ಪಠ್ಯಕ್ರಮ ಯೋಜನೆಯ ನಿರ್ದೇಶಕ ಲಾರೆನ್ಸ್ ಸ್ಟೆನ್‌ಹೌಸ್ ಶಿಕ್ಷಕರ ಮುಂದೆ ಒಂದು ಕಷ್ಟದ ಷರತ್ತು ಇಟ್ಟರು: ಯುದ್ಧ, ಕುಟುಂಬದಂಥ ವಿಷಯಗಳನ್ನು ಹದಿಹರೆಯದವರು ಚರ್ಚಿಸುವಾಗ ಮೇಷ್ಟ್ರು ತಟಸ್ಥರಾಗಿರಬೇಕು. ಅದು ಸಾಧ್ಯವಾಗುತ್ತಿದೆಯೇ ಎಂದು ತಿಳಿಯಲು ತಮ್ಮ ತರಗತಿಯನ್ನು ತಾವೇ ಗಮನಿಸದೆ ಬೇರೆ ದಾರಿ ಇರಲಿಲ್ಲ. ಇದೇ ತಂಡದಲ್ಲಿದ್ದ ಜಾನ್ ಎಲಿಯಟ್ 1970ರ ದಶಕದಲ್ಲಿ ಫೋರ್ಡ್ ಬೋಧನಾ ಯೋಜನೆ ನಡೆಸಿದರು. ಪಾಠದ ಧ್ವನಿಮುದ್ರಣ, ವಿದ್ಯಾರ್ಥಿಗಳ ಸಂದರ್ಶನ, ಶಿಕ್ಷಕರ ಸ್ವಂತ ವಿವರಣೆ ಮೂರನ್ನೂ ಎದುರುಬದುರು ಇಟ್ಟು ನೋಡುವುದು ಅವರ ಕ್ರಮ. ಆಗ ಹೊರಬಿದ್ದ ಸಂಗತಿಗಳು ಸಣ್ಣವು, ಆದರೆ ನಾಟುವಂಥವು. ಮಗು ಏನೋ ಹೇಳುತ್ತದೆ. ಮೇಷ್ಟ್ರು "ಶಭಾಷ್" ಎನ್ನುತ್ತಾರೆ. ಸರಿ ಉತ್ತರ ಸಿಕ್ಕಿಬಿಟ್ಟಿತೆಂದು ಉಳಿದವರು ಬಾಯಿ ಮುಚ್ಚುತ್ತಾರೆ. "ಎಲ್ಲರೂ ಒಪ್ಪುತ್ತೀರಲ್ಲವೇ?" ಎಂದು ಕೇಳಿದರೆ ಮಕ್ಕಳ ಕಿವಿಗೆ ಅದು ಪ್ರಶ್ನೆಯಲ್ಲ, ಒಪ್ಪಲೇಬೇಕೆಂಬ ಒತ್ತಡ. ಪ್ರೋತ್ಸಾಹವೆಂದು ಆಡಿದ ಮಾತೇ ಚರ್ಚೆಗೆ ಅಡ್ಡಗಾಲಾಗಿತ್ತು. ಅಂಕಪಟ್ಟಿ ನೋಡಿ ಇದು ಗೊತ್ತಾಗುವುದಿಲ್ಲ.

ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಕೆಮ್ಮಿಸ್ ಮತ್ತು ಮ್ಯಾಕ್‌ಟ್ಯಾಗರ್ಟ್ 1980ರ ದಶಕದಲ್ಲಿ ಯೋಜನೆ, ಕ್ರಿಯೆ, ವೀಕ್ಷಣೆ, ಚಿಂತನೆ ಎಂಬ ಸುರುಳಿ ಚಿತ್ರವನ್ನು ಜನಪ್ರಿಯಗೊಳಿಸಿದರು. ಕಲಿಸಲು ಸುಲಭ, ನಮೂನೆಯಾಗಿ ಅಚ್ಚು ಹಾಕಿಸಲು ಇನ್ನೂ ಸುಲಭ.

ಭಾರತದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ 1920ರಲ್ಲೇ ಭಾವನಗರದಲ್ಲಿ ಬಾಲಮಂದಿರ ತೆರೆದು ಪ್ರಯೋಗಕ್ಕೆ ಇಳಿದಿದ್ದರು, ಈ ಹೆಸರಿನ ಹಂಗಿಲ್ಲದೆ. 1986ರ ಶಿಕ್ಷಣ ನೀತಿಯ ನಂತರ ಬಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳಿಗೆ ಕ್ರಿಯಾ ಸಂಶೋಧನೆ ಅಧಿಕೃತ ಹೊಣೆಯಾಯಿತು. ಕರ್ನಾಟಕದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಹೆಗ್ಗಡದೇವನಕೋಟೆ. 1995ರ ಸುಮಾರಿಗೆ ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ರಿಷಿ ವ್ಯಾಲಿ ಶಾಲೆಯ ಕಲಿಕಾ ಕಾರ್ಡ್‌ಗಳನ್ನು ಕಂಡು ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕಾರ್ಡ್ ಬರೆದರು. ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿದ್ದು ಹೀಗೆ. 2009ರಲ್ಲಿ ಅದು ರಾಜ್ಯವ್ಯಾಪಿಯಾಯಿತು. ಬರೆದವರ ಕೈಯಲ್ಲಿ ಅದು ಹುಡುಕಾಟ. ಸಿದ್ಧ ಕಾರ್ಡ್‌ಗಳನ್ನು ಪಡೆದವರಿಗೆ ಇಲಾಖೆಯ ಇನ್ನೊಂದು ಕಾರ್ಯಕ್ರಮ.

ತಾವೇ ಹುಡುಕುವವರ ಮತ್ತು ಸಿದ್ಧವಾದದ್ದನ್ನು ಪಡೆಯುವವರ ನಡುವಿನ ಈ ಕಂದಕವನ್ನು ಜಪಾನಿನ ಪಾಠ ಅಧ್ಯಯನ ಪದ್ಧತಿ ಒಂದಿಷ್ಟು ತುಂಬಿದೆ. ಸಹೋದ್ಯೋಗಿಗಳು ಕೂಡಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಬೋಧಿಸುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳನ್ನು ಗಮನಿಸಿ ಆಮೇಲೆ ಚರ್ಚಿಸುತ್ತಾರೆ. ನಮ್ಮಲ್ಲೂ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿವೆ. ಸುತ್ತೋಲೆ ಓದಲು ಹೋಗುವ ಸಮಯದಲ್ಲಿ ಅರ್ಧವನ್ನು ಇಂಥ ಒಂದು ಪಾಠಕ್ಕೆ ಬಿಟ್ಟುಕೊಡಲು ಹೊಸ ಅನುದಾನವೇನೂ ಬೇಕಿಲ್ಲ.