ಶ್ರಮದಾನವೇ ಅಳತೆಗೋಲೇ? ರಾಷ್ಟ್ರೀಯ ಸೇವಾ ಯೋಜನೆ ಮತ್ತು ವಿಕಲಚೇತನ ಸ್ವಯಂಸೇವಕರು

1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಸೇವೆಯನ್ನು ಗಂಟೆಗಳಲ್ಲಿ ಅಳೆಯುತ್ತದೆ: ವರ್ಷಕ್ಕೆ 120ರಂತೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಗುದ್ದಲಿ ಹಿಡಿದೇ ಈ ಗಂಟೆಗಳನ್ನು ತುಂಬಬೇಕೆಂಬ ನಿಯಮವೇನೂ ಇಲ್ಲ. ಆದರೂ ಕಾಲೇಜುಗಳಲ್ಲಿ ಎನ್ನೆಸ್ಸೆಸ್ ಎಂದರೆ ಶ್ರಮದಾನ ಎಂಬ ಭಾವನೆ ಬೇರೂರಿದೆ. ಗಾಲಿಕುರ್ಚಿಯ ವಿದ್ಯಾರ್ಥಿನಿ ಹೆಸರು ಕೊಡಲು ಬಂದರೆ ‘ನಿನಗ್ಯಾಕಮ್ಮ ಈ ಕಷ್ಟ’ ಎಂಬ ಕಳಕಳಿಯ ಮಾತೇ ಅವಳನ್ನು ಹೊರಗಿಡುತ್ತದೆ. ವಿಶೇಷ ಶಾಲೆಗಳಲ್ಲಿ ಹಣ್ಣು ಹಂಚುವ ದಿನ ಮಾತ್ರ ವಿಕಲಚೇತನರು ಯೋಜನೆಯೊಳಕ್ಕೆ ಬರುತ್ತಾರೆ, ಅದೂ ಕೈಯೊಡ್ಡುವವರಾಗಿ. ಈ ಲೇಖನದ ತಕರಾರು ಇರುವುದು ಇಲ್ಲಿಯೇ.

ಶಿಬಿರದ ಏರ್ಪಾಡನ್ನೇ ನೋಡಿ. ವಾಸ್ತವ್ಯ ಊರಿನ ಸರ್ಕಾರಿ ಶಾಲೆಯಲ್ಲಿ, ಮಲಗುವುದು ನೆಲದ ಮೇಲೆ, ಶೌಚಾಲಯ ಹಿತ್ತಲಿನಲ್ಲಿ, ಅದಕ್ಕೆ ಎರಡು ಮೆಟ್ಟಿಲು. ಬೆಳಗಿನ ಸಭೆಯಲ್ಲಿ ಕೆಲಸ ಹಂಚುವುದು ಬರೀ ಬಾಯಿಮಾತಿನಲ್ಲಿ. ಕಿವುಡ ವಿದ್ಯಾರ್ಥಿಗೆ ಅದು ತಲುಪುವುದೇ ಇಲ್ಲ. ಶಾಲೆಯ ಕರಿಹಲಗೆ ಅಲ್ಲೇ ಪಕ್ಕದಲ್ಲಿರುತ್ತದೆ, ನಾಲ್ಕು ಸಾಲು ಬರೆದರೆ ಸಾಕಿತ್ತು. ಮನೆಮನೆ ಸಮೀಕ್ಷೆಯ ನಮೂನೆ ಫೋನಿನಲ್ಲಿದ್ದರೆ, ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅಂಧ ವಿದ್ಯಾರ್ಥಿ ಜಗಲಿಯ ಮೇಲೆ ಕುಳಿತು ಅದನ್ನು ತುಂಬಬಲ್ಲ.

ಇಂಥ ಮಾರ್ಪಾಡನ್ನು ದಯೆಯೆಂದು ಭಾವಿಸುವಂತಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ. ಹಾಗಾಗಿ ಶಿಬಿರಕ್ಕೆ ಊರು ಗೊತ್ತುಮಾಡುವ ಮೊದಲೇ ಕಾರ್ಯಕ್ರಮಾಧಿಕಾರಿ ಆ ಶಾಲೆಯ ಶೌಚಾಲಯವನ್ನು ಕಣ್ಣಾರೆ ನೋಡಿ ಬರಬೇಕು.

ವಿಕಲಚೇತನರು ಸೇವೆ ಸಲ್ಲಿಸಬಲ್ಲರೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ಎಂದೋ ಸಿಕ್ಕಿದೆ. ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸ್ವತಃ ವಿಕಲಚೇತನರು. ಮಾಸಾಶನ, ಗುರುತಿನ ಚೀಟಿಗಳಿಗಾಗಿ ಜನರ ಪರವಾಗಿ ಓಡಾಡುವವರು. ಆದರೆ ಅವರಿಗೆ ದೊರೆಯುವುದು ಗೌರವಧನ ಮಾತ್ರ. ಸಂಬಳ ಕೊಡಬೇಕಾದ ದುಡಿಮೆಗೆ ಸೇವೆಯ ಹೆಸರಿಡುವುದು ಒಳಗೊಳ್ಳುವಿಕೆ ಆಗದು. ಸ್ವಯಂಸೇವೆಯ ಪರವಾಗಿ ವಾದಿಸುವವರು ಇದನ್ನು ಸ್ಪಷ್ಟವಾಗಿ ಹೇಳಲೇಬೇಕು.

ಇನ್ನೊಂದು ಸೂಕ್ಷ್ಮ, ಎನ್ನೆಸ್ಸೆಸ್ ಸ್ವಯಂಸೇವಕರು ತಮ್ಮ ಗಂಟೆಗಳನ್ನು ಬರೆದಿಡುವ ದಿನಚರಿ ಪುಸ್ತಕದಲ್ಲಿದೆ. ಗಾಲಿಕುರ್ಚಿ ತಳ್ಳಿದ ಸಹಪಾಠಿ ಆ ಹೊತ್ತನ್ನು ತನ್ನ ಸೇವೆಯ ಗಂಟೆಗಳಿಗೆ ಸೇರಿಸಿಕೊಂಡರೆ, ಕುರ್ಚಿಯಲ್ಲಿರುವ ಸ್ವಯಂಸೇವಕಿ ಮತ್ತೆ ಫಲಾನುಭವಿಯಾಗುತ್ತಾಳೆ. ಇಬ್ಬರೂ ಸೇರಿ ಮಾಡಿದ ಸಮೀಕ್ಷೆಯ ಗಂಟೆಗಳು ಇಬ್ಬರ ಪುಸ್ತಕದಲ್ಲೂ ಸಮನಾಗಿ ದಾಖಲಾಗಬೇಕು.